ಆರು ವರ್ಷದ ಗೆರೆ: ಶಿಶುಶಿಕ್ಷಣದ ಸಾರ್ವತ್ರಿಕತೆಯನ್ನು ಕುರಿತು ಒಂದು ವಿಮರ್ಶೆ

ಶಾಲೆಗೆ ಸೇರುವ ವಯಸ್ಸಿಗೆ ಮುಂಚಿನ ಮಕ್ಕಳ ವಿದ್ಯಾಭ್ಯಾಸವನ್ನೂ ಪಾಲನೆಯನ್ನೂ ದೇಶದಲ್ಲೆಲ್ಲ ಸಾರ್ವತ್ರಿಕಗೊಳಿಸಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. ೧೯೪೪ರ ವರದಿಯೊಂದರಿಂದ ಮೊದಲ್ಗೊಂಡು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯ ವರೆಗೆ ಅದು ಯೋಜನೆಗಳಲ್ಲಿ, ಶಾಸನಗಳಲ್ಲಿ, ನ್ಯಾಯಾಲಯದ ಆಜ್ಞೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಒಂದು ಮಾತು ಇಷ್ಟು ಕಾಲ ಬಾಳಿತೆಂದ ಮಾತ್ರಕ್ಕೆ ಅದರ ಅರ್ಥವೂ ಒಂದೇ ಆಗಿ ಉಳಿಯಿತೆಂದು ನಂಬುವುದು ಇತಿಹಾಸದ ವಿದ್ಯಾರ್ಥಿಗಳಾದವರಿಗೆ ತರವಲ್ಲ. ಆದುದರಿಂದ ಪ್ರಕೃತ ಲೇಖನದಲ್ಲಿ ಈ ಪತ್ರಗಳನ್ನು ಕಾಲಕ್ರಮದಲ್ಲಿ ಇರಿಸಿಕೊಂಡು, ಒಂದೊಂದರಲ್ಲಿಯೂ 'ಸಾರ್ವತ್ರಿಕ' ಎಂಬ ಮಾತು ಯಾರಿಗೆ ಏನನ್ನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬುದನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ರಾಜ್ಯವು ಶಿಶುವಿಗೆ ಕೇಂದ್ರವನ್ನು ಕೊಟ್ಟಿತು, ತಡವಾಗಿ ಅನ್ನದ ಹಕ್ಕನ್ನೂ ಕೊಟ್ಟಿತು, ಆದರೆ ವಿದ್ಯೆಯ ಹಕ್ಕನ್ನು ಕೊಡುವಾಗ ಆರು ವರ್ಷಕ್ಕೆ ಒಂದು ಗೆರೆಯನ್ನು ಎಳೆಯಿತು. ಆ ಗೆರೆಯ ಕೆಳಗೆ ಶಿಶು ಮಾತ್ರವೇ ನಿಂತಿಲ್ಲ, ಶಿಶುವಿಗೆ ಕಲಿಸುವವಳೂ ನಿಂತಿದ್ದಾಳೆ.

೧

ಈ ದೇಶದಲ್ಲಿ ಶಿಶುಶಿಕ್ಷಣದ ಪ್ರಯತ್ನವು ಸರ್ಕಾರದಿಂದ ಮೊದಲಾಗಲಿಲ್ಲ. ವಕೀಲಿ ವೃತ್ತಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಹಳ್ಳಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಮೇರಿಯಾ ಮಾಂಟೆಸೊರಿ ಅವರು ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದ ಮೇಲೆ ಅವರ ಪದ್ಧತಿಗೆ ನಗರಗಳಲ್ಲಿ ವಿಶೇಷವಾದ ಪ್ರಚಾರ ದೊರೆಯಿತು. ಆದರೆ ಮಾಂಟೆಸೊರಿ ಉಪಕರಣಗಳ ಬೆಲೆಯು ಬಡವರ ಮಕ್ಕಳಿಗೆ ಎಟುಕದೆಂಬುದನ್ನು ತಾರಾಬಾಯಿ ಕಂಡುಕೊಂಡರು. ಊರಿನಲ್ಲಿ ಸಿಕ್ಕುವ ಕಲ್ಲು, ಕಾಯಿ, ಬೀಜ, ಮಣ್ಣುಗಳನ್ನೇ ಉಪಕರಣಗಳನ್ನಾಗಿ ಮಾಡಿಕೊಂಡರು. ಆದಿವಾಸಿಗಳ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. 'ಅಂಗನವಾಡಿ' ಎಂಬ ಹೆಸರಿನ ಮೂಲವಿರುವುದು ಆ ಅಂಗಳದಲ್ಲಿ. ಇಂದು ಸರ್ಕಾರದ ಕಾಗದಗಳಲ್ಲಿ ಸವೆದುಹೋಗಿರುವ ಈ ಹೆಸರು ಮೊದಲು ಹುಟ್ಟಿದ್ದು ಒಂದು ಶಿಕ್ಷಣತತ್ತ್ವವಾಗಿ ಎಂಬುದನ್ನು ನೆನಪಿನಲ್ಲಿಡಬೇಕು.

ಸರ್ಕಾರದ ಕಡೆಯಿಂದ ಬಂದ ಮೊದಲ ಗಂಭೀರವಾದ ಮಾತು ೧೯೪೪ರಲ್ಲಿ ಕೇಂದ್ರ ವಿದ್ಯಾ ಸಲಹಾ ಮಂಡಲಿಯವರು ಸಿದ್ಧಪಡಿಸಿದ, ಸಾರ್ಜೆಂಟ್ ವರದಿಯೆಂದು ಪ್ರಸಿದ್ಧವಾದ ಯೋಜನೆಯಲ್ಲಿದೆ. ಮೂರರಿಂದ ಆರು ವರ್ಷದ ವರೆಗಿನ ಮಕ್ಕಳಿಗೆ ಶಿಶುವಿಹಾರಗಳು ರಾಷ್ಟ್ರದ ವಿದ್ಯಾಭ್ಯಾಸ ವ್ಯವಸ್ಥೆಗೆ ಅವಶ್ಯವಾದ ಅಂಗವೆಂದು ಆ ವರದಿಯು ಒಪ್ಪಿತು. ಅವುಗಳಲ್ಲಿ ಶಿಕ್ಷಣ ಪಡೆದ ಉಪಾಧ್ಯಾಯಿನಿಯರಿರಬೇಕೆಂದಿತು. ಹತ್ತು ಲಕ್ಷ ಮಕ್ಕಳಿಗೆ ಸ್ಥಳವನ್ನು ಕಲ್ಪಿಸಬೇಕೆಂದಿತು. ದೇಶದ ಶಿಶುಸಂಖ್ಯೆಯ ಮುಂದೆ ಹತ್ತು ಲಕ್ಷವು ಅಲ್ಪವೇ ಸರಿ. ಆದರೆ ವರದಿಯ ಒಂದು ವಿವೇಕವನ್ನು ಇಲ್ಲಿ ಗುರುತಿಸಬೇಕು: ಈ ಶಿಕ್ಷಣವು ಉಚಿತವಾಗಿರಬೇಕು, ಕಡ್ಡಾಯವಾಗಿರಬಾರದು ಎಂದು ಅದು ಹೇಳಿತು. ಅಂದರೆ ಒದಗಿಸುವ ಹೊಣೆ ರಾಜ್ಯದ್ದು. ಕಳುಹಿಸುವ ಬಲವಂತ ತಾಯಿತಂದೆಯರ ಮೇಲಿಲ್ಲ. ಈ ಭೇದವನ್ನು ಮುಂದಿನ ಚರ್ಚೆಗಳಲ್ಲಿ ನಾವು ಅನೇಕ ಸಲ ಮರೆತಿದ್ದೇವೆ.

ಸ್ವಾತಂತ್ರ್ಯಾನಂತರದ ಆಶೆಯು ಇದಕ್ಕಿಂತ ದೊಡ್ಡದಾಗಿರಬಹುದೆಂದು ನಿರೀಕ್ಷಿಸುವವರಿಗೆ ೧೯೬೪-೬೬ರ ಕೊಠಾರಿ ಆಯೋಗದ ವರದಿಯು ನಿರಾಶೆಯನ್ನುಂಟುಮಾಡುವುದು. ೧೯೮೬ರ ಹೊತ್ತಿಗೆ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ೫, ಐದರಿಂದ ಆರು ವರ್ಷದವರಲ್ಲಿ ನೂರಕ್ಕೆ ೫೦ ಮಂದಿ ಶಾಲಾಪೂರ್ವ ಶಿಕ್ಷಣಕ್ಕೆ ಸೇರಿದರೆ ಅದು ಯುಕ್ತವಾದ ಗುರಿಯೆಂದು ಆಯೋಗವು ಭಾವಿಸಿತು. ಮುಖ್ಯ ಭಾರವನ್ನು ಖಾಸಗಿ ಸಂಸ್ಥೆಗಳೇ ಹೊರಬೇಕೆಂದು ಸೂಚಿಸಿತು. ಬೇರೆ ವಿಷಯಗಳಲ್ಲಿ ಸಮಾನತೆಗಾಗಿ ಅಷ್ಟು ದೃಢವಾಗಿ ವಾದಿಸಿದ ಆಯೋಗವು ಶಿಶುವಿನ ವಿಷಯದಲ್ಲಿ ಹೀಗೆ ಹಿಂಜರಿಯಲು ಹಣದ ಅಭಾವವೊಂದೇ ಕಾರಣವಲ್ಲ. ಆರು ವರ್ಷದ ಮುಂಚಿನ ಮಗು ಮನೆಗೆ ಸೇರಿದ್ದು, ಆರು ವರ್ಷದ ಮೇಲಿನ ಮಗು ರಾಷ್ಟ್ರಕ್ಕೆ ಸೇರಿದ್ದು ಎಂಬ ಭಾವನೆಯು ಆ ಹಿಂಜರಿಕೆಯ ಹಿಂದೆ ಇದ್ದಂತೆ ತೋರುತ್ತದೆ.

೨

ಈಗ ನಾವು ಸಂವಿಧಾನದ ೪೫ನೆಯ ವಿಧಿಗೆ ಬರೋಣ. ಈ ವಿಧಿಯು ಕರಡಿನಲ್ಲಿ ೩೬ನೆಯ ವಿಧಿಯಾಗಿದ್ದಿತು. ಕರಡಿನ ಮೊದಲ ಭಾಗವು ಪ್ರತಿಯೊಬ್ಬ ಪ್ರಜೆಯೂ ಉಚಿತವಾದ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ಅರ್ಹನೆಂದು ಸಾರುತ್ತಿದ್ದಿತು. ೧೯೪೮ರ ನವೆಂಬರ್ ೨೩ರಂದು ಸಂವಿಧಾನ ಸಭೆಯಲ್ಲಿ ಲಕ್ಷ್ಮೀಕಾಂತ ಮೈತ್ರ ಅವರ ತಿದ್ದುಪಡಿಯಂತೆ ಆ ಭಾಗವು ಕೈಬಿಟ್ಟುಹೋಯಿತು. ನಿರ್ದೇಶಕ ತತ್ತ್ವಗಳ ಅಧ್ಯಾಯದಲ್ಲಿ ಹಕ್ಕಿನ ಭಾಷೆ ಹೊಂದುವುದಿಲ್ಲವೆಂಬುದು ಅದಕ್ಕೆ ಕಾರಣವಾಗಿದ್ದಿತು. ಉಳಿದುದು ರಾಜ್ಯದ ಪ್ರಯತ್ನದ ಮಾತು ಮಾತ್ರ: ಸಂವಿಧಾನವು ಜಾರಿಗೆ ಬಂದ ಹತ್ತು ವರ್ಷಗಳೊಳಗಾಗಿ, ಹದಿನಾಲ್ಕು ವರ್ಷ ತುಂಬುವ ವರೆಗಿನ ಎಲ್ಲ ಮಕ್ಕಳಿಗೂ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ರಾಜ್ಯವು ಯತ್ನಿಸತಕ್ಕದ್ದು ಎಂದು.

ಅದೇ ದಿನ ವಿಧಿಯನ್ನು ಪ್ರಾಥಮಿಕ ಶಿಕ್ಷಣಕ್ಕೆ ಸೀಮಿತಗೊಳಿಸಬೇಕೆಂಬ ಸೂಚನೆಯೂ ಬಂದಿದ್ದಿತು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಹದಿನಾಲ್ಕು ವರ್ಷಕ್ಕೆ ಕಿರಿಯ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು ಸಂವಿಧಾನವು ನಿಷೇಧಿಸಿರುವಾಗ, ಆ ವಯಸ್ಸಿನ ವರೆಗೂ ಮಗುವು ಯಾವುದಾದರೊಂದು ವಿದ್ಯಾಸಂಸ್ಥೆಯಲ್ಲಿ ಇರಬೇಕಾಗುವುದು ಎಂಬುದು ಅವರ ಉತ್ತರದ ಸಾರ. ಈ ಚರ್ಚೆಯೆಲ್ಲವೂ ನಡೆದುದು ಮೇಲಿನ ಮಿತಿಯನ್ನು ಕುರಿತು. ಕೆಳಗಿನ ಮಿತಿಯನ್ನು ವಿಧಿಯು ಹೇಳಲಿಲ್ಲ. ಇದರಿಂದ ಸಂವಿಧಾನಕರ್ತರು ಎರಡು ವರ್ಷದ ಕೂಸಿನ ವಿದ್ಯಾಭ್ಯಾಸವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ಸಾಧಿಸಹೊರಟರೆ ಅದು ಪಕ್ಷಪಾತದ ವಾಚನವಾದೀತು. ಅವರ ಕಣ್ಣಿನ ಮುಂದಿದ್ದುದು ಊರಿನ ಪ್ರಾಥಮಿಕ ಶಾಲೆ. ಆದರೂ ಅವರು ಬರೆದಿಟ್ಟ ವಾಕ್ಯದಲ್ಲಿ ಶಿಶುವನ್ನು ಹೊರಗಿಡುವ ಮಾತು ಒಂದೂ ಇರಲಿಲ್ಲ ಎಂಬುದು ದಾಖಲೆಯ ಸತ್ಯ.

ಈ ವಾಕ್ಯಕ್ಕೆ ಬಲ ಬಂದುದು ನಾಲ್ಕು ದಶಕಗಳ ಮೇಲೆ. ವೈದ್ಯಕೀಯ ಕಾಲೇಜಿನ ಕ್ಯಾಪಿಟೇಷನ್ ಶುಲ್ಕವನ್ನು ಕುರಿತು ೧೯೯೨ರಲ್ಲಿ ನಡೆದ ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯಾಭ್ಯಾಸವನ್ನು ಮೂಲಭೂತ ಹಕ್ಕೆಂದು ಸಾರಿತು. ೧೯೯೩ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ದೊಡ್ಡ ಪೀಠವು ಆ ಹಕ್ಕಿಗೆ ಒಂದು ಮೇರೆಯನ್ನು ಗೊತ್ತುಮಾಡಿತು: ಹದಿನಾಲ್ಕು ವರ್ಷ ತುಂಬುವ ವರೆಗೆ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕು ಉಂಟು, ಅದರಾಚೆಗೆ ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು. ಇಲ್ಲಿಯೂ ಕೆಳಗಿನ ಗೆರೆ ಇರಲಿಲ್ಲ.

ಗೆರೆಯು ಬಿದ್ದುದು ೨೦೦೨ರ ೮೬ನೆಯ ತಿದ್ದುಪಡಿಯಲ್ಲಿ. ಈ ತಿದ್ದುಪಡಿಯು ಶಿಕ್ಷಣವನ್ನು ಮೂಲಭೂತ ಹಕ್ಕುಗಳ ಅಧ್ಯಾಯಕ್ಕೆ ಏರಿಸಿತೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ, ಅದು ನಿಜ. ಆದರೆ ಹೊಸದಾಗಿ ಸೇರಿದ ೨೧ಎ ವಿಧಿಯು ಆ ಹಕ್ಕನ್ನು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತ್ರ ಕೊಟ್ಟಿತು. ಹಳೆಯ ೪೫ನೆಯ ವಿಧಿಯ ಸ್ಥಾನದಲ್ಲಿ ಬಂದ ಹೊಸ ವಿಧಿಯು, ಆರು ವರ್ಷ ತುಂಬುವ ವರೆಗಿನ ಮಕ್ಕಳೆಲ್ಲರಿಗೂ ಶೈಶವದ ಪಾಲನೆಯನ್ನೂ ಶಿಕ್ಷಣವನ್ನೂ ಒದಗಿಸಲು ರಾಜ್ಯವು ಯತ್ನಿಸತಕ್ಕದ್ದೆಂದಿತು. ಶಿಶುವಿನ ಹೆಸರು ಸಂವಿಧಾನದಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಬಂದುದು ಲಾಭವೆಂದು ಕೆಲವರು ಎಣಿಸುವರು. ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ೧೯೯೩ರ ತೀರ್ಪಿನ ಅಕ್ಷರದಲ್ಲಿ ಶಿಶುವಿಗಿದ್ದ ಹಕ್ಕು ೨೦೦೨ರಲ್ಲಿ ಪ್ರಯತ್ನದ ವಾಗ್ದಾನವಾಗಿ ಇಳಿಯಿತು. ಅಣ್ಣನು ಹಕ್ಕಿನ ಅಧ್ಯಾಯಕ್ಕೆ ಹೋದನು. ತಂಗಿಯು ತತ್ತ್ವಗಳ ಅಧ್ಯಾಯದಲ್ಲಿಯೇ ಉಳಿದಳು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಈ ಭೇದವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಅದರ ೧೧ನೆಯ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮೇಲ್ಪಟ್ಟ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಟನ್ನು ಸರ್ಕಾರವು 'ಮಾಡಬಹುದು' ಎಂದಿದೆಯೇ ಹೊರತು 'ಮಾಡತಕ್ಕದ್ದು' ಎಂದಿಲ್ಲ. ಶಾಸನದ ಭಾಷೆಯಲ್ಲಿ ಈ ಎರಡು ಕ್ರಿಯಾಪದಗಳ ನಡುವಣ ಅಂತರವು ಸಾಮಾನ್ಯವಾದುದಲ್ಲ.

೩

ಹಾಗಾದರೆ ರಾಜ್ಯವು ಶಿಶುವಿಗಾಗಿ ಏನನ್ನೂ ಮಾಡಲಿಲ್ಲವೆ? ಹಾಗೆಂದರೆ ಅನ್ಯಾಯವಾದೀತು. ೧೯೭೪ರಲ್ಲಿ ರಾಷ್ಟ್ರೀಯ ಮಕ್ಕಳ ನೀತಿಯು ಪ್ರಕಟವಾಯಿತು. ಮರುವರ್ಷ, ೧೯೭೫ರ ಅಕ್ಟೋಬರ್ ೨ರಂದು, ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯು ದೇಶದ ೩೩ ಕಡೆಗಳಲ್ಲಿ ಪ್ರಯೋಗವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ೧೦೦ ಅಂಗನವಾಡಿಗಳೊಡನೆ ಮೊದಲಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ಸಲಹೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಂದೇ ಮಾಡಿನ ಕೆಳಗೆ ತಂದ ಈ ಯೋಜನೆಯ ಕಲ್ಪನೆಯು ನಿಜಕ್ಕೂ ಉದಾತ್ತವಾದುದು. ಹಸಿದ ಮಗು ಕಲಿಯಲಾರದು, ಕಾಯಿಲೆಯ ಮಗು ಆಡಲಾರದು ಎಂಬ ಸರಳವಾದ ಸತ್ಯವು ಅದರ ತಳಹದಿ.

ಆದರೆ ಇದು ಯೋಜನೆಯಾಗಿದ್ದಿತೇ ಹೊರತು ಕಾಯಿದೆಯಾಗಿರಲಿಲ್ಲ. ಅದಕ್ಕೆ ನಿರ್ಬಂಧದ ರೂಪವನ್ನು ಕೊಟ್ಟದ್ದು ೨೦೦೧ರಲ್ಲಿ ಪೌರಸ್ವಾತಂತ್ರ್ಯ ಸಂಘಟನೆಯೊಂದು ಹೂಡಿದ, ಆಹಾರದ ಹಕ್ಕಿನ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯ. ಪ್ರತಿಯೊಂದು ಜನವಸತಿಗೂ ಒಂದು ಅಂಗನವಾಡಿ ಇರಬೇಕೆಂದು ೨೦೦೧ರ ನವೆಂಬರ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಆಜ್ಞೆಮಾಡಿತು. ೨೦೦೬ರ ಡಿಸೆಂಬರ್ ೧೩ರ ಆಜ್ಞೆಯು ಇನ್ನೂ ಖಚಿತವಾದುದು: ೨೦೦೮ರ ಡಿಸೆಂಬರಿನೊಳಗಾಗಿ ದೇಶದಲ್ಲಿ ೧೪ ಲಕ್ಷ ಕೇಂದ್ರಗಳು ಮಂಜೂರಾಗಿ ನಡೆಯತಕ್ಕದ್ದು; ಆರು ವರ್ಷಕ್ಕೆ ಕಿರಿಯರಾದ ೪೦ ಮಕ್ಕಳಿರುವ ವಸತಿಯು ಬೇಡಿದರೆ ಅಲ್ಲಿ ಮೂರು ತಿಂಗಳೊಳಗಾಗಿ ಕೇಂದ್ರವನ್ನು ತೆರೆಯತಕ್ಕದ್ದು. ಇಲ್ಲಿ ಸಾರ್ವತ್ರಿಕತೆಯು ಮೊದಲ ಬಾರಿಗೆ ಅಂಕೆಯನ್ನೂ ಅವಧಿಯನ್ನೂ ಪಡೆಯಿತು.

ಇದು ಅನ್ನದ ಹಾದಿಯಿಂದ ಬಂದ ಸಾರ್ವತ್ರಿಕತೆ ಎಂಬುದನ್ನು ಗಮನಿಸಬೇಕು. ಶಿಶುವಿನ ವಿದ್ಯೆಯನ್ನು ಪಾರ್ಲಿಮೆಂಟು ಹಕ್ಕಿನಿಂದ ಹೊರಗಿಡುತ್ತಿದ್ದ ವರ್ಷಗಳಲ್ಲಿಯೇ ನ್ಯಾಯಾಲಯವು ಶಿಶುವಿನ ಅನ್ನವನ್ನು ಹಕ್ಕಿನೊಳಗೆ ತರುತ್ತಿದ್ದಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಈ ಹಾದಿಯ ಕೊನೆಯ ಮೆಟ್ಟಿಲು. ಆರು ತಿಂಗಳಿನಿಂದ ಆರು ವರ್ಷದ ವರೆಗಿನ ಮಗುವಿಗೆ ಊರಿನ ಅಂಗನವಾಡಿಯ ಮೂಲಕ ಉಚಿತವಾದ ಆಹಾರವು ಆ ಕಾಯಿದೆಯಂತೆ ಶಾಸನಸಿದ್ಧವಾದ ಹಕ್ಕಾಯಿತು. ಕೊಡದಿದ್ದರೆ ಭತ್ಯೆಯನ್ನು ಕೇಳುವ ಮಾರ್ಗವೂ ಉಂಟಾಯಿತು. ಪರಿಣಾಮವಾಗಿ ಒಂದು ವಿಚಿತ್ರ ಸ್ಥಿತಿ ಒದಗಿದೆ. ನಾಲ್ಕು ವರ್ಷದ ಮಗುವೊಂದಕ್ಕೆ ಅಂಗನವಾಡಿಯಲ್ಲಿ ಊಟ ದೊರೆಯದಿದ್ದರೆ ಅದರ ತಾಯಿಯು ಕಾಯಿದೆಯನ್ನು ತೋರಿಸಿ ಕೇಳಬಹುದು. ಅದೇ ಮಗುವಿಗೆ ವರ್ಷವೆಲ್ಲ ಒಂದು ಹಾಡನ್ನೂ ಒಂದು ಕಥೆಯನ್ನೂ ಯಾರೂ ಹೇಳಿಕೊಡದಿದ್ದರೆ ಅವಳು ತೋರಿಸಲು ಕಾಯಿದೆ ಇಲ್ಲ. ಶಿಶುವಿನ ಹೊಟ್ಟೆಯನ್ನು ಶಾಸನವು ಕಂಡಿತು; ಬುದ್ಧಿಯನ್ನು ಇನ್ನೂ ಕಂಡಿಲ್ಲ.

೪

ಕಲಿಸುವವಳ ಸ್ಥಿತಿಯೂ ಈ ಕಥೆಯಿಂದ ಬೇರೆಯಲ್ಲ. ಯೋಜನೆಯು ಆರಂಭವಾದಾಗ ಅಂಗನವಾಡಿ ಕಾರ್ಯಕರ್ತೆಗೆ ಕೊಡುವ ಹಣವನ್ನು ವೇತನವೆಂದು ಕರೆಯಲಿಲ್ಲ, ಗೌರವಧನವೆಂದು ಕರೆದರು. ಮೆಟ್ರಿಕ್ಯುಲೇಷನ್ ಆಗದವಳಿಗೆ ತಿಂಗಳಿಗೆ ೧೦೦ ರೂಪಾಯಿ, ಆದವಳಿಗೆ ೧೫೦ ರೂಪಾಯಿ. ಕೇಂದ್ರವು ಗೊತ್ತುಮಾಡಿದ ಈ ಮೊತ್ತವು ೨೦೧೮ರ ಅಕ್ಟೋಬರಿನಲ್ಲಿ ೩,೦೦೦ದಿಂದ ೪,೫೦೦ ರೂಪಾಯಿಗೆ ಏರಿತು. ರಾಜ್ಯಗಳು ತಮ್ಮ ಕೈಯಿಂದ ಇನ್ನಷ್ಟನ್ನು ಸೇರಿಸುತ್ತವೆ. ಮೊತ್ತವು ಏರಿದರೂ ಹೆಸರು ಬದಲಾಗಲಿಲ್ಲ. ಹೆಸರಿನಲ್ಲಿಯೇ ಒಂದು ಸಿದ್ಧಾಂತವಿದೆ: ಇವಳು ನೌಕರಳಲ್ಲ, ಊರಿನ ಸೇವಾಭಾವದ ಹೆಂಗಸು, ಮಗುವನ್ನು ನೋಡಿಕೊಳ್ಳುವುದು ವೃತ್ತಿಯಲ್ಲ, ಸ್ತ್ರೀಸ್ವಭಾವದ ವಿಸ್ತರಣೆ.

ಈ ಪ್ರಶ್ನೆಯು ನ್ಯಾಯಾಲಯಕ್ಕೆ ಹೋದುದು ನಮ್ಮ ರಾಜ್ಯದಿಂದಲೇ. ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ ಎಂಬ ಮೊಕದ್ದಮೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ಸಿವಿಲ್ ಹುದ್ದೆಯನ್ನು ಹೊಂದಿದವರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೬ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ತಿಂಗಳನ್ನು ಓದುಗರು ಗಮನಿಸಬೇಕು. ಹದಿನಾಲ್ಕು ಲಕ್ಷ ಕೇಂದ್ರಗಳನ್ನು ತೆರೆಯಬೇಕೆಂದು ಆಜ್ಞೆಯಾದ ಅದೇ ತಿಂಗಳಲ್ಲಿ, ಆ ಕೇಂದ್ರಗಳನ್ನು ನಡೆಸುವವರ ಹುದ್ದೆಯು ಹುದ್ದೆಯೇ ಅಲ್ಲವೆಂದು ಅದೇ ನ್ಯಾಯಾಲಯವು ಹೇಳಿತು. ಎರಡು ತೀರ್ಪುಗಳೂ ತಮ್ಮ ತಮ್ಮ ಕಾನೂನಿನ ಚೌಕಟ್ಟಿನಲ್ಲಿ ಸುಸಂಗತವಾಗಿಯೇ ಇರಬಹುದು. ಕೂಡಿಸಿ ಓದಿದಾಗ ನಮಗೆ ಕಾಣುವುದು ಬೇರೆ: ಸೇವೆಯು ಸಾರ್ವತ್ರಿಕ, ಸೇವಕಿಯು ತಾತ್ಕಾಲಿಕ.

೨೦೨೨ರ ಏಪ್ರಿಲ್ ೨೫ರ ಮಣಿಬೆನ್ ಭರಿಯಾ ಮೊಕದ್ದಮೆಯ ತೀರ್ಪು ಈ ಸ್ಥಿತಿಯನ್ನು ಸ್ವಲ್ಪ ಸಡಿಲಿಸಿತು. ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಯಿಟಿಗೆ ಅರ್ಹರೆಂದು ನ್ಯಾಯಾಲಯವು ಒಪ್ಪಿತು. ಅದಕ್ಕೆ ಕೊಟ್ಟ ಕಾರಣವು ನಮ್ಮ ವಾದಕ್ಕೆ ಬಹಳ ಮುಖ್ಯವಾದುದು. ೨೦೧೩ರ ಆಹಾರ ಕಾಯಿದೆಯಾದ ಮೇಲೆ ಅಂಗನವಾಡಿಗಳು ಶಾಸನಬದ್ಧವಾದ ಕರ್ತವ್ಯಗಳನ್ನು ಮಾಡುತ್ತಿವೆ. ಅವು ಶಾಲಾಪೂರ್ವ ಶಿಕ್ಷಣವನ್ನೂ ನಡೆಸುತ್ತಿವೆ. ಆದುದರಿಂದ ಅವನ್ನು ಕೇವಲ ಯೋಜನೆಯೆಂದು ತಳ್ಳಿಹಾಕಲಾಗದು ಎಂಬುದು ಅದರ ತಾತ್ಪರ್ಯ. ಎಂದರೆ ಮಗುವಿಗೆ ಹಕ್ಕು ಬಂದ ಕೂಡಲೆ ಕಾರ್ಯಕರ್ತೆಗೂ ಸ್ಥಾನ ಬರತೊಡಗಿತು. ಇವೆರಡೂ ಒಂದೇ ದಾರದ ಎರಡು ತುದಿಗಳು. ಒಂದು ತುದಿಯನ್ನು ನೆಲದ ಮೇಲೆ ಬಿಟ್ಟು ಇನ್ನೊಂದನ್ನು ಎತ್ತಿಕಟ್ಟಲು ಬಾರದು.

೫

ಹೀಗಿರಲು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಂದಿತು. ಮೂರರಿಂದ ಎಂಟು ವರ್ಷದ ವರೆಗಿನ ಕಲಿಕೆಯನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿರುವುದು ಈ ನೀತಿಯ ದೊಡ್ಡ ಗುಣ. ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ಆರು ವರ್ಷದ ಗೆರೆಯು ಇಲ್ಲಿ ಅಳಿದುಹೋಗಿದೆ. ೨೦೩೦ಕ್ಕೆ ಮೀರದಂತೆ ಶೈಶವ ಶಿಕ್ಷಣವು ಸಾರ್ವತ್ರಿಕವಾಗಬೇಕೆಂದೂ ನೀತಿಯು ಹೇಳುತ್ತದೆ. ಆದರೆ ಕರಡನ್ನೂ ಅಂತಿಮ ಪ್ರತಿಯನ್ನೂ ಹೋಲಿಸಿ ನೋಡಿದರೆ ಒಂದು ಕೊರತೆ ಎದ್ದುಕಾಣುತ್ತದೆ. ಡಾ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿಯು ಸಿದ್ಧಪಡಿಸಿ ೨೦೧೯ರಲ್ಲಿ ಪ್ರಕಟವಾದ ಕರಡಿನಲ್ಲಿ, ಶಿಕ್ಷಣ ಹಕ್ಕು ಕಾಯಿದೆಯನ್ನು ಮೂರು ವರ್ಷದ ಮಕ್ಕಳ ವರೆಗೆ ಕೆಳಕ್ಕೆ ವಿಸ್ತರಿಸಬೇಕೆಂಬ ಶಿಫಾರಸು ಇದ್ದಿತು. ಅಂತಿಮ ನೀತಿಯಲ್ಲಿ ಅದು ಇಲ್ಲ. ೧೯೪೮ರಲ್ಲಿ ಕರಡಿನಲ್ಲಿದ್ದ ಹಕ್ಕು ಅಂತಿಮ ವಿಧಿಯಲ್ಲಿ ಪ್ರಯತ್ನವಾಯಿತು. ೨೦೧೯ರ ಕರಡಿನಲ್ಲಿದ್ದ ಹಕ್ಕು ೨೦೨೦ರಲ್ಲಿ ಗುರಿಯಾಯಿತು. ಎಪ್ಪತ್ತು ವರ್ಷಗಳ ಅಂತರದಲ್ಲಿ ಅದೇ ತಿದ್ದುವ ಕೈ ಕೆಲಸಮಾಡಿದಂತೆ ತೋರುತ್ತದೆ.

ಕಲಿಸುವವಳ ವಿಷಯದಲ್ಲಿಯೂ ನೀತಿಯು ಅರ್ಧದಾರಿಯಲ್ಲಿ ನಿಂತಿದೆ. ಹನ್ನೆರಡನೆಯ ತರಗತಿಯನ್ನು ಮುಗಿಸಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟು, ಅದಕ್ಕಿಂತ ಕಡಮೆ ಓದಿದವಳಿಗೆ ಒಂದು ವರ್ಷದ ಡಿಪ್ಲೊಮಾ, ಅದೂ ಬಹುಪಾಲು ದೂರಶಿಕ್ಷಣದಿಂದ ಮತ್ತು ಮೊಬೈಲಿನ ಮೂಲಕ ಎಂದು ಅದು ವಿಧಿಸುತ್ತದೆ. ತರಬೇತಿಯು ಬೇಕಾದುದೇ. ಆದರೆ ತರಬೇತಿಯಾದ ಮೇಲೆ ಅವಳು ಉಪಾಧ್ಯಾಯಿನಿಯಾಗುವಳೋ, ಗೌರವಧನದ ಕಾರ್ಯಕರ್ತೆಯಾಗಿಯೇ ಉಳಿಯುವಳೋ ಎಂಬುದನ್ನು ನೀತಿಯು ಹೇಳುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯುವ ನಿರ್ಧಾರದ ವಿರುದ್ಧ ೨೦೨೪ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಅದನ್ನು ಕೇವಲ ಸ್ವಾರ್ಥವೆಂದು ಕೆಲವರು ಭಾವಿಸಿದರು. ನಮಗೆ ಹಾಗೆ ತೋರುವುದಿಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಶಾಲೆಗೆ ಹೊರಟುಹೋದರೆ ಅಂಗನವಾಡಿಯಲ್ಲಿ ಉಳಿಯುವುದು ಆಹಾರ ಹಂಚಿಕೆ ಮಾತ್ರ. 'ಅಂಗಳದ ಶಾಲೆ'ಯು ಉಗ್ರಾಣವಾಗುವುದು. ಸಾರ್ವತ್ರಿಕ ವ್ಯವಸ್ಥೆಯೊಂದನ್ನು ಕಟ್ಟುವ ಬದಲು ಒಂದೇ ಊರಿನಲ್ಲಿ ಎರಡು ಇಲಾಖೆಗಳ ಎರಡು ಶಿಶುವಿಹಾರಗಳು ಒಂದೇ ಮಗುವಿಗಾಗಿ ಪೈಪೋಟಿ ನಡೆಸುವ ಪ್ರಸಂಗವು ಒದಗುವುದು.

ಪಾಲನೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಮೂರು ವರ್ಷಕ್ಕೆ ಕಿರಿಯ ಕೂಸುಗಳ ವಿಷಯದಲ್ಲಿ ನಮ್ಮ ವ್ಯವಸ್ಥೆಯು ತೀರ ತೆಳುವಾದುದು. ೧೯೬೯ರಲ್ಲಿ ದೆಹಲಿಯಲ್ಲಿ ಕಟ್ಟಡದ ಕೂಲಿಕಾರರ ಮಕ್ಕಳಿಗಾಗಿ ಮೀರಾ ಮಹಾದೇವನ್ ಅವರು ಕೆಲಸದ ಸ್ಥಳದಲ್ಲಿಯೇ ಶಿಶುಪಾಲನಾ ಕೇಂದ್ರವನ್ನು ತೆರೆದು ದಾರಿಯನ್ನು ತೋರಿಸಿದರು. ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿಯು ೫೦ ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಹೊಲದಲ್ಲಿ ಕಳೆ ತೆಗೆಯುವವಳಿಗೂ ಬೀಡಿ ಕಟ್ಟುವವಳಿಗೂ ಅದರಿಂದ ಪ್ರಯೋಜನವಾಗಲಿಲ್ಲ. ಉದ್ಯೋಗಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರವು ೨೦೨೩ರಲ್ಲಿ ಸಾರಿದುದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ಇದೂ ಯೋಜನೆಯೇ. ಯೋಜನೆಯು ಆಯವ್ಯಯದೊಡನೆ ಹುಟ್ಟಿ ಆಯವ್ಯಯದೊಡನೆ ಸೊರಗಬಲ್ಲುದು. ಹಕ್ಕಿಗೆ ಆ ಭಯವಿಲ್ಲ.

೬

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಎಳೆಯ ಮಕ್ಕಳನ್ನು ಹಕ್ಕಿನ ಹೆಸರಿನಲ್ಲಿ ಶಾಲೆಯ ಶಿಸ್ತಿಗೆ ಒಪ್ಪಿಸುವುದು ಕ್ರೌರ್ಯವಲ್ಲವೆ ಎಂಬುದು ಮೊದಲನೆಯದು. ಇದಕ್ಕೆ ೧೯೪೪ರ ವರದಿಯಲ್ಲಿಯೇ ಉತ್ತರವಿದೆ: ಉಚಿತ, ಆದರೆ ಕಡ್ಡಾಯವಲ್ಲ. ಹಕ್ಕೆಂಬುದು ರಾಜ್ಯವನ್ನು ಕಟ್ಟುವುದೇ ಹೊರತು ಮಗುವನ್ನಲ್ಲ. ಆ ಹಕ್ಕಿನ ಒಳಗೆ ಗಿಜುಭಾಯಿಯವರ ಆಟವೂ ತಾರಾಬಾಯಿಯವರ ಅಂಗಳವೂ ಇರಬಹುದು. ಸ್ಲೇಟು ಬಳಪಗಳೇ ಇರಬೇಕೆಂದಿಲ್ಲ. ಅಷ್ಟೇ ಅಲ್ಲ, ಹಕ್ಕಿಲ್ಲದ ಇಂದಿನ ಸ್ಥಿತಿಯಲ್ಲಿಯೇ ಮೂರು ವರ್ಷದ ಮಕ್ಕಳು ಶುಲ್ಕದ ನರ್ಸರಿಗಳಲ್ಲಿ ಕುಳಿತು ಅಕ್ಷರಗಳನ್ನು ತಿದ್ದುತ್ತಿರುವುದನ್ನು ನಾವು ಪ್ರತಿಯೊಂದು ಪಟ್ಟಣದಲ್ಲಿಯೂ ಕಾಣುತ್ತೇವೆ.

ಎರಡನೆಯ ಆಕ್ಷೇಪವು ಹಣದ್ದು, ಅದು ಹಗುರವಾದುದಲ್ಲ. ಆದರೆ ಇದೇ ಆಕ್ಷೇಪವನ್ನು ಆರರಿಂದ ಹದಿನಾಲ್ಕು ವರ್ಷದವರ ಹಕ್ಕಿನ ಮೇಲೂ ದಶಕಗಳ ಕಾಲ ಎತ್ತುತ್ತಿದ್ದರು. ಹತ್ತು ವರ್ಷಗಳಲ್ಲಿ ಆಗಬೇಕಾದುದು ಐವತ್ತು ವರ್ಷ ತಡೆಯಿತು. ಕೊನೆಗೆ ಶಾಸನವು ಬಂದ ಮೇಲೆಯೇ ರಾಜ್ಯಗಳು ಲೆಕ್ಕಹಾಕಲು ಮೊದಲುಮಾಡಿದುವು. ಹಣವಿದ್ದಾಗ ಹಕ್ಕು ಬರುವುದೆಂದು ಕಾದುಕುಳಿತ ಚರಿತ್ರೆಗಿಂತ ಹಕ್ಕು ಬಂದ ಮೇಲೆ ಹಣವನ್ನು ಹುಡುಕಿದ ಚರಿತ್ರೆಯೇ ನಮ್ಮ ಪತ್ರಗಳಲ್ಲಿ ಸ್ಪಷ್ಟವಾಗಿದೆ.

ಆದುದರಿಂದ ಸುಧಾರಣೆಯ ಕ್ರಮವನ್ನು ಹೀಗೆ ಸೂಚಿಸಬಹುದು. ೨೦೦೯ರ ಕಾಯಿದೆಯ ೧೧ನೆಯ ಪ್ರಕರಣದಲ್ಲಿರುವ 'ಮಾಡಬಹುದು' ಎಂಬುದು 'ಮಾಡತಕ್ಕದ್ದು' ಎಂದಾಗಬೇಕು. ಅಂಗನವಾಡಿಯನ್ನು ಒಡೆಯದೆ ಅದನ್ನೇ ಈ ಕರ್ತವ್ಯದ ನೆಲೆಯನ್ನಾಗಿ ಮಾಡಬೇಕು. ಅಲ್ಲಿ ಕಲಿಸುವವಳಿಗೆ ಹುದ್ದೆಯೂ ವೇತನವೂ ಬರಬೇಕು. ಮೂರು ವರ್ಷಕ್ಕೆ ಕಿರಿಯರ ಪಾಲನೆಯು ತಾಯಿಯ ದುಡಿಮೆಯ ವೇಳೆಗೆ ಹೊಂದಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಡ. ಒಂದು ಕ್ರಿಯಾಪದವನ್ನು ತಿದ್ದಿದರೆ ಸಾಕು. ಅದೇ ಕಷ್ಟವಾಗಿದೆಯೆಂದರೆ ಕಾರಣವನ್ನು ಹಣದ ಕೊರತೆಯಲ್ಲಿ ಮಾತ್ರ ಹುಡುಕಿದರೆ ಸಾಲದು. ಆರು ವರ್ಷದ ಮುಂಚಿನ ಮಗು ಇನ್ನೂ ಮನೆಯ ಸ್ವತ್ತು, ಅದನ್ನು ಸಾಕುವವಳು ಇನ್ನೂ ಪರರ ಮನೆಯ ತಾಯಿ ಎಂಬ ಹಳೆಯ ಭಾವನೆಯನ್ನು ನಮ್ಮ ರಾಜ್ಯವ್ಯವಸ್ಥೆಯು ಬಿಟ್ಟುಕೊಟ್ಟಿಲ್ಲ. ೨೦೩೦ರ ಗಡುವು ದೂರವಿಲ್ಲ. ಅಂದು ಕೇಂದ್ರಗಳ ಸಂಖ್ಯೆಯನ್ನು ಎಣಿಸಿ ಸಾರ್ವತ್ರಿಕತೆಯು ಸಿದ್ಧಿಸಿತೆಂದು ಯಾರಾದರೂ ಹೇಳಿದರೆ, ಆ ಗೆರೆಯು ಅಳಿಯಿತೇ ಎಂದು ಕೇಳುವುದು ನಮ್ಮಂತಹ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕರ್ತವ್ಯವಾಗಿದೆ.